ಗಾಜಿನ ತೊಟ್ಟಿಯ ಸಿಗಡಿಯೂ ಊರ ಕೆರೆಯೂ

ಸಿಹಿನೀರಿನ ಸಿಗಡಿಗಳನ್ನು ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಸಾಕಿ ಮರಿಮಾಡಿಸುವುದು ಕೇವಲ ಮಕ್ಕಳ ವಿನೋದವೆಂದು ಕೆಲವರು ಅಲಕ್ಷ್ಯಮಾಡುವರು. ಕೆರೆಗೆ ಬೇಕಾದ ಮರಿಗಳನ್ನು ಈ ತೊಟ್ಟಿಯಲ್ಲಿಯೇ ಪಡೆದು ಲಾಭಹೊಂದಬಹುದೆಂದು ಮತ್ತೆ ಕೆಲವರು ಆಸೆಪಡುವರು. ಈ ಎರಡು ಅಭಿಪ್ರಾಯಗಳೂ ಸರಿಯಾದುವಲ್ಲ. ತೊಟ್ಟಿಯಿಂದ ಬರತಕ್ಕ ಲಾಭವು ಹಣವಲ್ಲ, ನೀರಿನ ಗುಣದೋಷಗಳ ತಿಳಿವಳಿಕೆ.

ಕೆರೆಗಳಲ್ಲಿ ಬೆಳೆಸುವ ದೊಡ್ಡ ಸಿಗಡಿಯು ಸಿಹಿನೀರಿನಲ್ಲಿ ಬಲಿಯುವುದಾದರೂ, ಅದರ ಎಳೆಮರಿಗಳು ಅದೇ ನೀರಿನಲ್ಲಿ ಕೆಲವೇ ದಿನಗಳಲ್ಲಿ ಸಾಯುವುವು. ಮೊಟ್ಟೆ ಹೊತ್ತ ತಾಯಿಯು ನದಿಯ ಅಳಿವೆಗೆ ಇಳಿದುಹೋಗುವುದು ಈ ಕಾರಣದಿಂದಲೇ. ಮಲಯ ದೇಶದಲ್ಲಿ ಶಾವೊ-ವೆನ್ ಲಿಂಗ್ ಎಂಬ ವಿಜ್ಞಾನಿಗಳು ಈ ಗುಟ್ಟನ್ನು 1961ರಲ್ಲಿ ಕಂಡುಹಿಡಿದರು. ತರುವಾಯ ಹವಾಯಿ ದ್ವೀಪದಲ್ಲಿ ತಕುಜಿ ಫುಜಿಮುರಾ ಅವರು ಮರಿಗಳನ್ನು ಹೇರಳವಾಗಿ ಬೆಳೆಸುವ ಕ್ರಮವನ್ನು ರೂಢಿಸಿದರು. ಸಾವಿರಕ್ಕೆ ಸುಮಾರು 12 ಪಾಲು ಉಪ್ಪುಳ್ಳ ನೀರಿನಲ್ಲಿ, ಜೀವಂತ ಆಹಾರವನ್ನು ಕೊಡುತ್ತ, ಸುಮಾರು ಒಂದು ತಿಂಗಳು ಪೋಷಿಸಿದರೆ ಆ ಮರಿಯು 11 ಅವಸ್ಥೆಗಳನ್ನು ದಾಟಿ ಸಿಗಡಿಯ ರೂಪಕ್ಕೆ ಬರುವುದು. ಇದು ಗೃಹಸ್ಥರ ಕೈಯಲ್ಲಿ ಸುಲಭವಾಗಿ ಆಗತಕ್ಕ ಕೆಲಸವಲ್ಲ. ಆದಕಾರಣ ಕೆರೆಗೆ ಬಿಡುವ ಮರಿಗಳನ್ನು ನಂಬಿಕೆಯುಳ್ಳ ಮರಿ ಉತ್ಪಾದನಾ ಕೇಂದ್ರದಿಂದ ತರಿಸುವುದೇ ವಿಹಿತವು.

ಮನೆಯ ತೊಟ್ಟಿಗೆ ತಕ್ಕುದು ಪೂರ್ವ ಏಷ್ಯಾ ಮೂಲದ ಚೆರ್ರಿ ಸಿಗಡಿ. ಬಲಿತದ್ದು ಸುಮಾರು ಒಂದಂಗುಲ ಮಾತ್ರ. ಹೆಣ್ಣು 20–30 ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಹೊತ್ತು, ಮೂರು ನಾಲ್ಕು ವಾರಗಳವರೆಗೆ ಕಾಲುಗಳನ್ನಾಡಿಸುತ್ತ ಅವುಗಳಿಗೆ ಹೊಸನೀರನ್ನು ಒದಗಿಸುವುದು. ಒಡೆದುಬಂದ ಮರಿಗಳು ತಾಯಿಯ ರೂಪದಲ್ಲಿಯೇ ಇರುವುದರಿಂದ ಉಪ್ಪುನೀರು ಬೇಕಿಲ್ಲ.

ಆದರೆ ತಾಳ್ಮೆ ಬೇಕು. ತೊಟ್ಟಿಗೆ ನೀರು ತುಂಬಿ, ಜಲಸಸ್ಯಗಳನ್ನು ನೆಟ್ಟು, ಚಿಟಿಕೆ ಆಹಾರವನ್ನು ಹಾಕುತ್ತ ನಾಲ್ಕರಿಂದ ಆರು ವಾರ ಕಾಯತಕ್ಕದ್ದು. ಅಷ್ಟರಲ್ಲಿ ಅಮೋನಿಯಾ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ನೆಲೆಗೊಂಡು, ಮರಿಗಳು ಮೇಯತಕ್ಕ ಪಾಚಿಯ ಪೊರೆಯೂ ಹಬ್ಬುವುದು. ನೀರು ಸೋಸುವ ಯಂತ್ರದ ಬಾಯಿಗೆ ಸ್ಪಂಜನ್ನು ಕಟ್ಟದಿದ್ದರೆ ಮರಿಗಳು ಅದರೊಳಕ್ಕೆ ಎಳೆಯಲ್ಪಡುವುವು. ಮೀನುಗಳನ್ನು ಜೊತೆಗೆ ಬಿಟ್ಟರೆ ಮರಿಗಳು ಉಳಿಯುವುದು ದುರ್ಲಭ. ಕಳಚಿದ ಚಿಪ್ಪನ್ನು ತೆಗೆಯಬಾರದು. ಅದರ ಸುಣ್ಣಾಂಶವನ್ನು ಸಿಗಡಿಗಳೇ ತಿಂದು ಉಪಯೋಗಿಸಿಕೊಳ್ಳುವುವು. ಮಿತಿಮೀರಿದ ಆಹಾರವು ಕೊಳೆತು ನೀರನ್ನು ಕೆಡಿಸುವುದು.

ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೂ ಸಿಗಡಿಗೆ ವಿಷವೇ. ಜಮೀನುದಾರರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯಿದು. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತವೂ ಸುಣ್ಣವೂ ಕೂಡಿದ್ದು, ಮೈಲುತುತ್ತವೆಂದರೆ ತಾಮ್ರವೇ. ತೋಟಕ್ಕೆ ಅದು ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಂಪಡಿಸಿದ ಪಂಪನ್ನು ಕೆರೆಯ ಅಂಚಿನಲ್ಲಿ ತೊಳೆದರೆ ಕೆರೆಯ ಜೀವಕ್ಕೆ ಅಪಾಯವು. ಸಿಗಡಿಯು ಕೀಟಗಳಿಗೆ ದೂರದ ಬಂಧುವಾದುದರಿಂದ, ಹಲವು ಕೀಟನಾಶಕಗಳು ಮೀನಿಗೆ ತಟ್ಟದ ಅಳತೆಯಲ್ಲಿಯೇ ಅದನ್ನು ಕೊಲ್ಲುವುವು. ಹಾಗಾಗಿ ಮೀನು ಬದುಕಿದೆಯೆಂದ ಮಾತ್ರಕ್ಕೆ ನೀರು ಶುದ್ಧವೆಂದು ಭಾವಿಸಲಾಗದು. ಒಂದು ತೊಟ್ಟಿಯ ಮರಿಗಳು ಒಂದೇ ರಾತ್ರಿ ಸತ್ತುದನ್ನು ಕಂಡವನಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯುಂಟು. ತೊಟ್ಟಿಯಲ್ಲಿ ಮರಿಗಳು ಹೆಚ್ಚಿದಾಗ ಅವನ್ನು ಕೆರೆಗೆ ಸುರಿಯುವುದು ದಯೆಯಂತೆ ತೋರಬಹುದು. ಪರದೇಶದ ಜೀವಿಯು ನಮ್ಮ ನೀರಿನಲ್ಲಿ ನೆಲೆಸಿದರೆ ಸ್ಥಳೀಯ ಸಿಗಡಿಗಳ ಮೇವಿಗೂ ನೆಲೆಗೂ ಪೈಪೋಟಿಯಾಗುವುದು, ರೋಗವೂ ಹರಡಬಹುದು. ಜಲಕಳೆಯಿಂದ ಕೆರೆಗಳಿಗಾದ ಹಾನಿಯನ್ನು ಬಲ್ಲ ಗ್ರಾಮದ ಮುಖಂಡರು ಇದಕ್ಕೆ ಅವಕಾಶಕೊಡಲಾಗದು.

ಊರ ಶಾಲೆಯಲ್ಲಿ ಇಂಥ ಒಂದು ತೊಟ್ಟಿಯನ್ನಿಡಿಸಲು ಮುಖಂಡರು ನೆರವಾದರೆ ಖರ್ಚು ಅಲ್ಪ, ಪ್ರಯೋಜನ ಬಹಳ. ಮರಿಯ ಪ್ರಾಣವು ನೀರಿನ ಶುದ್ಧಿಯಲ್ಲಿದೆಯೆಂದು ಬಾಲ್ಯದಲ್ಲಿಯೇ ಅರಿತ ಹುಡುಗರು ಮುಂದೆ ಕೆರೆಯ ಒಡೆತನವನ್ನು ಜವಾಬ್ದಾರಿಯಿಂದ ನಡೆಸುವರು.