ದೀನಮನಸ್ಸೂ ಜ್ಞಾನವೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದತಕ್ಕ ಈ ಸಂಚಿಕೆಯಲ್ಲಿ, ಬಹುಕಾಲದಿಂದ ನನ್ನ ಮನಸ್ಸಿನಲ್ಲಿರುವ ಒಂದು ವಿಷಯವನ್ನು ಅರಿಕೆಮಾಡಿಕೊಳ್ಳಲು ಅಪ್ಪಣೆಯನ್ನು ಬೇಡುತ್ತೇನೆ. ಮಗಳನ್ನು ಶಾಲೆಗೆ ಸೇರಿಸಲು ಬರುವವರಲ್ಲಿ ಅನೇಕರು, “ನಮ್ಮ ಹುಡುಗಿ ಬಹಳ ವಿನಯವಂತೆ, ಬಾಯೇ ತೆರೆಯುವುದಿಲ್ಲ” ಎಂದು ಸಂತೋಷದಿಂದ ಹೇಳುವುದುಂಟು. ಆ ಸಂತೋಷವನ್ನು ಕುಂದಿಸಲು ನನಗಿಷ್ಟವಿಲ್ಲ. ಆದರೂ ಸತ್ಯವೇದವು ಜ್ಞಾನದ ಬಾಗಿಲೆಂದು ತೋರಿಸಿಕೊಡುವ ದೀನತೆಯು ಇದಲ್ಲವೆಂದೇ ನನ್ನ ಅಭಿಪ್ರಾಯ.

ಜ್ಞಾನೋಕ್ತಿಗಳ ಗ್ರಂಥವು ಗರ್ವದ ಬೆನ್ನಿಗೆ ಅವಮಾನವನ್ನೂ ದೀನರ ಬಳಿಯಲ್ಲಿ ಜ್ಞಾನವನ್ನೂ ಇರಿಸಿದೆ. ಇದಕ್ಕೆ ಸೊಲೊಮೋನನೇ ಸಾಕ್ಷಿ. ಗಿಬ್ಯೋನಿನಲ್ಲಿ ದೇವರು ಕನಸಿನೊಳಗೆ ಕಾಣಿಸಿಕೊಂಡು ಬೇಕಾದ ವರವನ್ನು ಕೇಳೆಂದಾಗ, ಆ ಯೌವನಸ್ಥ ಅರಸನು ತಾನಿನ್ನೂ ಏನೂ ತಿಳಿಯದ ಬಾಲಕನೆಂದು ಒಪ್ಪಿಕೊಂಡು, ಐಶ್ವರ್ಯವನ್ನೂ ದೀರ್ಘಾಯುಷ್ಯವನ್ನೂ ಬಿಟ್ಟು ವಿವೇಕವನ್ನು ಬೇಡಿದನು. ಮೂಲ ಇಬ್ರಿಯ ಭಾಷೆಯಲ್ಲಿ ಅವನು ಬೇಡಿದ್ದು ‘ಕೇಳುವ ಹೃದಯ’ವನ್ನು. ದೀನತೆಯು ಅವನ ಬಾಯನ್ನು ಮುಚ್ಚಲಿಲ್ಲ, ಬೇಡುವುದಕ್ಕೆ ತೆರೆಯಿತು. ಮುದಿಪ್ರಾಯದಲ್ಲಿ ಆ ಹೃದಯವು ಕೇಳುವುದನ್ನು ಬಿಟ್ಟಿತೆಂಬುದು ದುಃಖದ ಸಂಗತಿ; ಅದನ್ನೂ ಅರಸುಗಳ ಚರಿತ್ರೆಯು ಮರೆಮಾಡಿಲ್ಲ.

ಆದರೆ ಶಾಲೆಯವರಾದ ನಮಗೆ ಇನ್ನೂ ಹತ್ತಿರವಾದ ದೃಷ್ಟಾಂತವು ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿದೆ. ಅಪೊಲ್ಲೋಸನು ಅಲೆಕ್ಸಾಂದ್ರಿಯದವನು, ಆ ಪಟ್ಟಣವೋ ವಿದ್ಯೆಗೆ ಹೆಸರಾದದ್ದು. ಅವನು ವಾಕ್ಚತುರನು, ಶಾಸ್ತ್ರಗಳಲ್ಲಿ ಪ್ರವೀಣನು. ಎಫೆಸದ ಸಭಾಮಂದಿರದಲ್ಲಿ ಧೈರ್ಯದಿಂದ ಬೋಧಿಸುತ್ತಿದ್ದಾಗ ಅವನಿಗೆ ತಿಳಿದಿದ್ದದ್ದು ಯೋಹಾನನ ಸ್ನಾನದೀಕ್ಷೆ ಮಾತ್ರವೇ. ಅದನ್ನು ಕೇಳಿದವರಲ್ಲಿ ಗುಡಾರ ಮಾಡುವ ದಂಪತಿಗಳಾದ ಪ್ರಿಸ್ಕಿಲ್ಲಳೂ ಅಕ್ವಿಲನೂ ಇದ್ದರು. ಇವರು ಜನರ ಮುಂದೆ ಎದ್ದುನಿಂತು ಅವನ ಕೊರತೆಯನ್ನು ಸಾರಲಿಲ್ಲ; ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದರು. ಆ ಪಂಡಿತನೂ ಕೈಕೆಲಸದವರಿಂದ, ಅದರಲ್ಲಿಯೂ ಒಬ್ಬ ಸ್ತ್ರೀಯಿಂದ, ತಾನು ಕಲಿಯುವುದೇನೆಂದು ಬೇಸರಪಟ್ಟನೆಂದು ಬರೆದಿಲ್ಲ. ಆಮೇಲೆ ಅವನು ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಬಹಳ ಸಹಾಯಮಾಡಿದನು. ಅಪೊಲ್ಲೋಸನು ಕಲಿತದ್ದು ಹೇಗೆ ದೀನತೆಯೋ, ಪ್ರಿಸ್ಕಿಲ್ಲಳು ತನಗೆ ತಿಳಿದದ್ದನ್ನು ನುಡಿದದ್ದೂ ಹಾಗೆಯೇ ದೀನತೆ. ಆಕೆ ವಿನಯದ ಹೆಸರಿನಲ್ಲಿ ಸುಮ್ಮನಿದ್ದಿದ್ದರೆ ನಷ್ಟವು ಯಾರಿಗಾಗುತ್ತಿತ್ತು? ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕಡೆಯಲ್ಲಿ ವಂದನೆ ಹೇಳುವಾಗ ಆಕೆಯ ಹೆಸರನ್ನು ಗಂಡನ ಹೆಸರಿಗಿಂತ ಮೊದಲು ಇಟ್ಟಿರುವುದನ್ನೂ ನಮ್ಮ ಹುಡುಗಿಯರು ಗಮನಿಸಲಿ.

ನಮ್ಮ ನುಡಿಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಸೇರಿಸಬಹುದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ದೇಶಕ್ಕೆ ಬಂದ ಕಿಟ್ಟೆಲ್ ಪಾದ್ರಿಗಳು ಬೋಧಕರಾಗಿ ಬಂದವರು. ಆದರೂ ಕನ್ನಡದ ವಿಷಯದಲ್ಲಿ ಈ ನಾಡಿನ ಪಂಡಿತರಿಗೆ ಶಿಷ್ಯರಾದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಅಷ್ಟು ವರ್ಷಗಳ ವಿಚಾರಣೆಯ ಫಲ. ಕೇಳಲು ನಾಚಿದವರಿಗೆ ಅಂಥ ಗ್ರಂಥವು ಕೈಗೂಡುವುದುಂಟೇ?

ತರಗತಿಯಲ್ಲಿ ನಾನು ಕಾಣುವ ಗರ್ವವು ಹೆಚ್ಚಾಗಿ ಮಾತಾಡುವ ಹುಡುಗಿಯದಲ್ಲ. ಲೆಕ್ಕವು ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸಿ, ಪಕ್ಕದವಳ ಪುಸ್ತಕವನ್ನು ನೋಡಿ ಬರೆದುಕೊಳ್ಳುವ ಮೌನಿಯಲ್ಲಿಯೂ ಅದು ಅಡಗಿರುತ್ತದೆ. ನಾಲ್ಕು ಜನರ ಮುಂದೆ ತನ್ನ ಅಜ್ಞಾನವು ಬೈಲಿಗೆ ಬಂದೀತೆಂಬ ಭಯವೇ ಅವಳ ಬಾಯನ್ನು ಕಟ್ಟಿದೆ. ನಾವದನ್ನು ವಿನಯವೆಂದು ಹೊಗಳಿದಷ್ಟೂ ಆ ಕಟ್ಟು ಬಿಗಿಯಾಗುವುದು. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ಸಂಜೆ ಮಗಳು ಮನೆಗೆ ಬಂದಾಗ ಎಷ್ಟು ಅಂಕಗಳು ಬಂದವೆಂದು ವಿಚಾರಿಸುವುದರ ಜೊತೆಯಲ್ಲಿ, ಈ ಹೊತ್ತು ಯಾವ ಪ್ರಶ್ನೆಯನ್ನು ಕೇಳಿದೆಯೆಂದೂ ವಿಚಾರಿಸಿರಿ. ಅವಳು ನಿಮ್ಮನ್ನೇ ಏನಾದರೂ ಕೇಳಿ, ಅದರ ಉತ್ತರವು ನಿಮಗೆ ತಿಳಿಯದಿದ್ದರೆ, ತಿಳಿಯದೆಂದು ಅವಳ ಎದುರಿಗೇ ಹೇಳಿರಿ.