ಮೊದಲು ಮಂಡಿಯೂರಿ, ಆಮೇಲೆ ಕ್ಲಿಕ್ ಮಾಡಿ

ಮೂರು ವರ್ಷದ ಹಿಂದಿನ ಮಾತು. ನಮ್ಮ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಪೆನ್ನು, ಬಾಚಣಿಗೆ ಮಾರುವ ಹುಡುಗನೊಬ್ಬ ಕಟ್ಟೆಯ ಮೇಲೆ ಕುಳಿತು ಇಡ್ಲಿ ತಿನ್ನುತ್ತಿದ್ದ. ಹರಿದ ಅಂಗಿ, ಕೆದರಿದ ಕೂದಲು, ಪಕ್ಕದಲ್ಲೊಂದು ನಾಯಿ. ನಾವು ಎದುರಿನ ಚಹಾದಂಗಡಿಯಿಂದಲೇ ಜೂಮ್ ಮಾಡಿ ಫೋಟೋ ಹೊಡೆದೆವು. ಮರುದಿನ ಅದು ಪತ್ರಿಕೆಯಲ್ಲಿ ಬಂತು. ಯಾರೋ ಬಿಟ್ಟ ಎಂಜಲಿಗೆ ಕೈ ಹಾಕಿದ ಬಾಲ್ಯ ಎಂಬ ಅರ್ಥದ ಅಡಿಬರಹವನ್ನು ನಾವೇ ಬರೆದುಕೊಟ್ಟಿದ್ದೆವು. ವಾಟ್ಸಾಪ್ ಗ್ರೂಪುಗಳಲ್ಲಿ ಕೈಮುಗಿಯುವ ಎಮೋಜಿಗಳ ಮಳೆ.

ನಾಲ್ಕನೇ ದಿನ ಹುಡುಗನ ತಾಯಿ ನಮ್ಮನ್ನು ಹುಡುಕಿಕೊಂಡು ಬಂದಳು. "ಯಣ್ಣಾ, ಅವ ತನ್ನ ರೊಕ್ಕದಾಗ ಇಡ್ಲಿ ತಗೊಂಡು ತಿನ್ನಾಕತ್ತಿದ್ದ. ನೀವು ಭಿಕ್ಷುಕನ್ನ ಮಾಡಿದ್ರಿ. ಈಗ ಸಾಲ್ಯಾಗ ಹುಡುಗರು ಎಂಜಲಾ ಎಂಜಲಾ ಅಂತ ಕಾಡ್ತಾರ. ಹೋಗಂಗಿಲ್ಲ ಅಂತ ಕುಂತಾನ."

ನಮ್ಮ ಬಳಿ ಉತ್ತರವಿರಲಿಲ್ಲ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿ ಎಂದು ಕೇಳಿದೆವು. ಇಂಥದ್ದಕ್ಕೆಲ್ಲ ಯಾಕ್ರೀ ಎಂದರು. ಹಾಕಿದ್ದರೂ ಅಷ್ಟರಲ್ಲಾಗಲೇ ಆ ಫೋಟೋ ಎಷ್ಟು ಫೋನು ಸೇರಿತ್ತೋ!

ಆ ದಿನ ನಾವು ರಸ್ತೆ ದಾಟಿ ಹತ್ತು ಹೆಜ್ಜೆ ನಡೆದಿದ್ದರೆ, "ಏನ್ ತಮ್ಮಾ, ಊಟ ಆತಾ?" ಎಂದು ಕೇಳಿದ್ದರೆ, ಆ ಸುಳ್ಳು ಹುಟ್ಟುತ್ತಲೇ ಇರಲಿಲ್ಲ. ಈ ಬರಹದಲ್ಲಿ ಹೇಳಬೇಕಾದ ಮುಖ್ಯ ಮಾತೇ ಅದು. ಬೀದಿಯ ಮಕ್ಕಳ ಫೋಟೋ ವಿಷಯದಲ್ಲಿ ಅನುಕಂಪ ಬೇರೆ, ಫೋಟೋ ತೆಗೆಯುವ ಕೌಶಲ ಬೇರೆ ಅಲ್ಲ. ಹತ್ತಿರ ಹೋಗಿ ಮಾತಾಡಿಸಿದವನ ಫೋಟೋವೇ ಚೆನ್ನಾಗಿಯೂ ಇರುತ್ತದೆ, ನಿಜವೂ ಆಗಿರುತ್ತದೆ.

ನಿಂತುಕೊಂಡು ಕೆಳಗೆ ನೋಡಿ ತೆಗೆದರೆ ಯಾವ ಮಗುವೂ ದೀನವಾಗಿಯೇ ಕಾಣುತ್ತದೆ. ನಮ್ಮ ಮನೆಯ ಮಗುವನ್ನೇ ಹಾಗೆ ತೆಗೆದು ನೋಡಿ, ಗೊತ್ತಾಗುತ್ತದೆ. ಮಂಡಿಯೂರಿ, ಫೋನನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತಂದರೆ ಅದೇ ಮಗು ಸರಿಸಮನಾಗಿ ಎದುರು ನಿಲ್ಲುತ್ತದೆ.

ಪೋರ್ಟ್ರೇಟ್ ಮೋಡ್ ಹಾಕಿದರೆ ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಹೊಳೆಯುತ್ತದೆ. ನೋಡಲು ಚೆಂದ. ಆದರೆ ಸುದ್ದಿ ಇರುವುದೇ ಹಿಂದೆ. ಸೀರೆ ಕಟ್ಟಿದ ಗುಡಾರ, ನೀರು ಬಾರದ ನಲ್ಲಿ, ಮಗು ಒಳಗೆ ಹೋಗಲಾಗದ ಶಾಲೆಯ ಗೇಟು, ಇವು ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಬಂದರೆ, ಈ ಸ್ಥಿತಿಗೆ ಯಾರು ಹೊಣೆ ಎಂದು ನೋಡುವವರು ಕೇಳುತ್ತಾರೆ. ಬರೀ ಕಣ್ಣೀರಿನ ಮುಖ ತೋರಿಸಿದರೆ "ಅಯ್ಯೋ ಪಾಪ" ಎಂದು ಮುಂದಿನ ವಿಡಿಯೋಗೆ ಹೋಗುತ್ತಾರೆ.

"ಮುಖ ತೋರಿಸದಿದ್ದರೆ ಯಾರ ಮನಸ್ಸು ಕರಗುತ್ತದೆ?" ಎಂದು ಗೆಳೆಯರು ನಮ್ಮನ್ನು ಕೇಳುವುದುಂಟು. ಪ್ರಶ್ನೆಯಲ್ಲಿ ಹುರುಳಿದೆ. ನೂರು ವರ್ಷಗಳ ಹಿಂದೆ ಅಮೆರಿಕದ ಲೂಯಿಸ್ ಹೈನ್ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಮುಖ ತೋರಿಸಿಯೇ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಜನಾಭಿಪ್ರಾಯ ಕಟ್ಟಲು ನೆರವಾದರು. ಆದರೆ ಅವರು ದೂರದಿಂದ ಕದ್ದು ತೆಗೆದು ಓಡಿಹೋಗಲಿಲ್ಲ. ಮಗುವಿನ ವಯಸ್ಸು, ಕೆಲಸ ಕೇಳಿ ಬರೆದುಕೊಂಡರು. ತಮ್ಮ ಕೋಟಿನ ಗುಂಡಿಗಳನ್ನೇ ಅಳತೆಗೋಲು ಮಾಡಿಕೊಂಡು ಮಕ್ಕಳ ಎತ್ತರ ಅಂದಾಜಿಸಿದರು.

ಇನ್ನೊಂದು ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ಸೂಡಾನ್‌ನಲ್ಲಿ ಹಸಿವಿನಿಂದ ಕುಸಿದ ಮಗು, ಹಿಂದೆ ರಣಹದ್ದು. 1993ರಲ್ಲಿ ಕೆವಿನ್ ಕಾರ್ಟರ್ ತೆಗೆದದ್ದು. 1994ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದನ್ನು ನೋಡಿದ ಓದುಗರು ಪತ್ರಿಕೆಗೆ ಕೇಳಿದ್ದು ಒಂದೇ: ಆ ಮಗು ಏನಾಯಿತು? ಪ್ರತಿ ಫೋಟೋ ತೆಗೆಯುವಾಗಲೂ ಆ ಪ್ರಶ್ನೆ ನಮಗೂ ಇದೆ ಎಂದುಕೊಳ್ಳಬೇಕು.

ಕಾನೂನೂ ಸುಮ್ಮನಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬದುಕುವ, ಭಿಕ್ಷೆ ಬೇಡುವ ಮಗು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ಕುರಿತ ವಿಚಾರಣೆ, ತನಿಖೆ ಅಥವಾ ನ್ಯಾಯಾಲಯದ ಪ್ರಕ್ರಿಯೆಯನ್ನು ವರದಿ ಮಾಡುವಾಗ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವಂತಿಲ್ಲ ಎನ್ನುತ್ತದೆ 74ನೇ ಸೆಕ್ಷನ್. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಕರಣ ದಾಖಲಾಗದಿದ್ದರೂ ಆ ಎಚ್ಚರ ನಮಗಿರಬೇಕು ಎಂಬುದು ನಮ್ಮ ಅಭಿಪ್ರಾಯ. ಹೈನ್ ಕಾಲದ ಫೋಟೋ ಪ್ರದರ್ಶನದಲ್ಲಿ, ಪತ್ರಿಕೆಯಲ್ಲಿ ಇರುತ್ತಿತ್ತು. ನಮ್ಮದು ಆ ಹುಡುಗನ ಮದುವೆಯ ದಿನವೂ ಯಾರದೋ ಫೋನಿನಲ್ಲಿ ಇರುತ್ತದೆ.

ಹಾಗಂತ ಫೋಟೋ ತೆಗೆಯುವುದೇ ಬೇಡ ಎನ್ನುತ್ತಿಲ್ಲ. ತೆಗೆಯದಿದ್ದರೆ ಆ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಖವಿಲ್ಲದೆಯೂ ಹೇಳುವ ದಾರಿಗಳಿವೆ. ಬಾಚಣಿಗೆ ಜೋಡಿಸುವ ಕೈ, ಚಪ್ಪಲಿಯಿಲ್ಲದ ಪಾದ, ಬೆನ್ನ ಮೇಲೆ ತಂಗಿಯನ್ನು ಕಟ್ಟಿಕೊಂಡ ಅಕ್ಕ. ಸಂಜೆ ಹೊತ್ತಿಳಿಯುವಾಗ ಸೂರ್ಯನಿಗೆ ಎದುರಾಗಿ ನಿಂತು, ಪರದೆ ಮುಟ್ಟಿ ಬೆಳಕು ತಗ್ಗಿಸಿದರೆ ಮಗು ನೆರಳಿನಂತೆ ಬರುತ್ತದೆ. ಮುಖ ಗುರುತು ಸಿಗದು, ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಎಲ್ಲಕ್ಕೂ ಮೊದಲು ಮಗುವನ್ನು ಕೇಳಿ, ಹತ್ತಿರದಲ್ಲಿದ್ದರೆ ತಂದೆತಾಯಿಯನ್ನೂ ಕೇಳಿ. ಬೇಡ ಅಂದರೆ ಬೇಡ. ಹತ್ತು ರೂಪಾಯಿ ಕೊಟ್ಟು ಒಪ್ಪಿಸುವುದು ಒಪ್ಪಿಗೆಯಲ್ಲ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಕ್ಯಾಮೆರಾ ಮುಚ್ಚಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಳೆದ ಜಾತ್ರೆಯಲ್ಲಿ ಪುಗ್ಗಾ ಮಾರುವ ಹುಡುಗಿಯ ಬಳಿ ಹೀಗೇ ಮಂಡಿಯೂರಿ ಕುಳಿತೆವು. ಅವಳನ್ನೂ ಅವಳ ಅವ್ವನನ್ನೂ ಕೇಳಿ ಒಂದು ಫೋಟೋ ತೆಗೆದು ತೋರಿಸಿದೆವು. ಅವಳು ಪರದೆಯನ್ನು ಹಿರಿಯ ಸಂಪಾದಕರಂತೆ ನೋಡಿ, "ಯಣ್ಣಾ, ಪುಗ್ಗಾ ಅರ್ಧಾನೇ ಬಂದಾವು. ಇನ್ನೊಂದು ಹೊಡಿ" ಎಂದಳು. ಹೌದಲ್ಲ! ಹಿಂದೆ ಸರಿದು ಇನ್ನೊಂದು ತೆಗೆದೆವು. ಇಡೀ ಪುಗ್ಗಾ ಗೊಂಚಲು, ಅದರ ಹಿಂದೆ ಮರೆಯಾದ ಮುಖ, ಕೋಲು ಹಿಡಿದ ಪುಟ್ಟ ಕೈ, ಹಿಂದೆ ತೇರು.

ಪತ್ರಿಕೆಗೆ ಕಳಿಸಿದ್ದು ಅದನ್ನೇ.