ಇಳಿದು ಹತ್ತಿದ ಘಾಟಿ

ಬೇಸಗೆಯು ಸಮೀಪಿಸಿತೆಂದರೆ ನಮ್ಮ ಬೀದಿಯಲ್ಲಿ ಹಿಮಾಲಯದ ಮಾತು ಮೊದಲಾಗುತ್ತದೆ. ಒಬ್ಬರು ಕೇದಾರಕ್ಕೆ, ಮತ್ತೊಬ್ಬರು ಅಮರನಾಥಕ್ಕೆ, ಇನ್ನೊಬ್ಬರು ಮುಕ್ತಿನಾಥಕ್ಕೆ ಹೊರಡುವರು. "ತಾವು ಕಾಲ್ನಡೆಯಲ್ಲಿ ಹೋಗಿಬಂದವರು, ಏನೇನು ಕಟ್ಟಿಕೊಳ್ಳಬೇಕು ಹೇಳಿ ಮೇಷ್ಟ್ರೇ" ಎಂದು ಕೇಳುವರು. ಕಂಬಳಿ, ಕಾಲುಚೀಲ, ಔಷಧಿಗಳ ಪಟ್ಟಿಯನ್ನು ಬರೆದುಕೊಡುವುದು ಸುಲಭ. ಆದರೆ ಆ ದಾರಿಯಲ್ಲಿ ನಾವು ಕಲಿತ ಪಾಠವು ಪಟ್ಟಿಯಲ್ಲಿ ಸೇರತಕ್ಕುದಲ್ಲ. ಮೇಲಾಗಿ ಅದರಲ್ಲಿ ನಮ್ಮದೇ ಒಂದು ತಪ್ಪು ಸೇರಿಕೊಂಡಿರುವುದರಿಂದ ಇದುವರೆಗೆ ಹೇಳಲು ಸಂಕೋಚಪಡುತ್ತಿದ್ದೆವು. ಈ ತಿಂಗಳು ಅದನ್ನೇ ವಾಚಕರ ಮುಂದಿಡುವೆವು.

ನಮ್ಮ ಮನೆಯ ದೇವರ ಸಂಪುಟದಲ್ಲಿ ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಒಂದು ಸಾಲಿಗ್ರಾಮವಿದೆ. ಮುತ್ತಜ್ಜನವರ ಕಾಲದಲ್ಲಿ ಯಾರೋ ಯಾತ್ರಿಕರು ಕೊಟ್ಟುದೆಂದು ಹೇಳಿಕೆ. ಬಾಲ್ಯದಿಂದ ಅದಕ್ಕೆ ನೀರೆರೆದು ತುಳಸಿಯೇರಿಸುತ್ತ ಬಂದ ನಮಗೆ, ಆ ಶಿಲೆಯ ತವರಾದ ಗಂಡಕೀ ನದಿಯನ್ನೂ, ಅದರ ಮೇಲ್ಗಡೆಯ ಮುಕ್ತಿನಾಥ ಕ್ಷೇತ್ರವನ್ನೂ ಕಣ್ಣಾರೆ ಕಾಣಬೇಕೆಂಬ ಆಸೆಯಿತ್ತು. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ, 2023ನೆಯ ಇಸವಿಯ ಅಕ್ಟೋಬರಿನಲ್ಲಿ, ನಮ್ಮ ಸೋದರಳಿಯನೊಡನೆ ಹೊರಟೆವು. ಮುಕ್ತಿನಾಥಕ್ಕೆ ಈಗ ಪೋಖರಾ ಪಟ್ಟಣದಿಂದ ಮೋಟಾರು ರಸ್ತೆಯಿದೆ. ಆದರೆ ನಾವು ಪೂರ್ವದ ಮನಾಂಗ್ ಸೀಮೆಯಿಂದ ನಡೆದು, ಬೆಟ್ಟ ದಾಟಿಯೇ ದರ್ಶನಮಾಡಬೇಕೆಂದು ಹಠತೊಟ್ಟೆವು. ಅರವತ್ತರ ಸಮೀಪದಲ್ಲಿಯೂ ದಿನಕ್ಕೆ ಎರಡು ಹರಿದಾರಿ ನಡೆಯಬಲ್ಲೆವೆಂಬ ಹೆಮ್ಮೆಯು ಈ ಹಠದೊಳಗೆ ಎಷ್ಟು ಪಾಲಿತ್ತೆಂಬುದು ಆಗ ತಿಳಿಯಲಿಲ್ಲ.

ಮನಾಂಗ್ ಮತ್ತು ಮುಕ್ತಿನಾಥಗಳ ನಡುವೆ ಥೊರಾಂಗ್ ಲಾ ಎಂಬ ಘಾಟಿಯಿದೆ. 'ಲಾ' ಎಂದರೆ ತಿಬ್ಬತಿ ಭಾಷೆಯಲ್ಲಿ ಎರಡು ಗಿರಿಗಳ ನಡುವಣ ದಾಟುದಾರಿ. ಅದರ ಎತ್ತರ 5,416 ಮೀಟರು. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು. ಅಂತಹ ಎರಡು ಗಿರಿಗಳನ್ನು ಒಂದರ ಮೇಲೊಂದಿರಿಸಿದರೂ ಘಾಟಿಯನ್ನು ಮುಟ್ಟಲು ಇನ್ನೂ 1,500 ಮೀಟರಿನಷ್ಟು ಏರಬೇಕು. ಅಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧದಷ್ಟೇ. ಗಾಳಿಯಲ್ಲಿ ಪ್ರಾಣವಾಯುವಿನ ಭಾಗ ಎಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯೇ ತೆಳುವಾಗುವುದರಿಂದ ಒಂದೊಂದು ಉಸಿರಿನಲ್ಲಿ ದೊರೆಯುವುದು ಅರ್ಧ. ಮನೆಯಲ್ಲಿ ಎರಡು ಸೇರು ಅಕ್ಕಿ ಬೇಯುವಲ್ಲಿ ಒಂದೇ ಸೇರು ಬೇಯತೊಡಗಿದರೆ ಸಂಸಾರವು ಅದಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕಷ್ಟೆ? ದೇಹದ ಸ್ಥಿತಿಯೂ ಅದೇ. ಮೂರು ಸಾವಿರ ಮೀಟರು ದಾಟಿದ ಮೇಲೆ ಈ ದಿನ ಮಲಗುವ ಸ್ಥಳವು ನಿನ್ನೆಯದಕ್ಕಿಂತ 500 ಮೀಟರಿಗೆ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂದು ವೈದ್ಯರು ವಿಧಿಸಿರುವುದು ಇದಕ್ಕಾಗಿಯೇ.

ಬೇಸಿಸಹರ್ ಎಂಬಲ್ಲಿಂದ ಜೀಪಿನಲ್ಲಿ ಚಾಮೆ ಎಂಬ ಊರನ್ನು ಸೇರಿ, ಅಲ್ಲಿಂದ ನಡಿಗೆಯನ್ನಾರಂಭಿಸಿದೆವು. ನಮ್ಮೊಡನೆ ಒಬ್ಬ ಮಾರ್ಗದರ್ಶಿ, ಹೊರೆ ಹೊರುವ ಒಬ್ಬ ತರುಣ. ಮರ್ಸ್ಯಾಂಗ್ದಿ ನದಿಯು ಪಕ್ಕದಲ್ಲಿ ಭೋರ್ಗರೆಯುತ್ತಿತ್ತು. ಪೀಸಾಂಗ್ ಎಂಬ ಹಳ್ಳಿಗೆ ಮುಂಚೆ ಒಂದೇ ಶಿಲೆಯನ್ನು ಬಾಗಿಸಿ ನಿಲ್ಲಿಸಿದಂತಹ ಮಹಾಭಿತ್ತಿಯೊಂದಿದೆ. ಸತ್ತವರ ಜೀವವು ಅದನ್ನೇರಿ ಮೇಲಣ ಲೋಕಕ್ಕೆ ಹೋಗುವುದೆಂದು ಆ ಸೀಮೆಯವರ ನಂಬಿಕೆ. ಅದಕ್ಕೆ ಸ್ವರ್ಗದ್ವಾರವೆಂದೇ ಹೆಸರು. ಸಂಸ್ಕೃತದ ಶಬ್ದವೊಂದನ್ನು ಅಷ್ಟು ದೂರದಲ್ಲಿ, ಅಷ್ಟು ಸಾರ್ಥಕವಾದ ಸ್ಥಳದಲ್ಲಿ ಕಂಡು ನಮಗಾದ ಸಂತೋಷವನ್ನು ಏನೆಂದು ಹೇಳೋಣ! ಅಲ್ಲಿಂದಾಚೆಗೆ ಪೈನ್‌ಗಳ ಕಾಡು ವಿರಳವಾಗುತ್ತ ಹೋಗಿ, ಎಡಗಡೆಯಲ್ಲಿ ಅನ್ನಪೂರ್ಣಾ ಶಿಖರಗಳು ಸಾಲಾಗಿ ಕಾಣಿಸಿಕೊಂಡವು. ಮೂರನೆಯ ದಿನ ಮನಾಂಗ್ ಸೇರಿದೆವು. ಎತ್ತರ ಸುಮಾರು 3,540 ಮೀಟರು.

ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎಂಬ ಸಂಸ್ಥೆಯ ಚಿಕಿತ್ಸಾಲಯವಿದೆ. 1973ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಯಾತ್ರಾಕಾಲದಲ್ಲಿ ವೈದ್ಯರನ್ನಿರಿಸಿ, ಎತ್ತರದಿಂದ ಬರುವ ರೋಗದ ವಿಚಾರವಾಗಿ ದಾರಿಹೋಕರಿಗೆ ಉಪನ್ಯಾಸವನ್ನೂ ಏರ್ಪಡಿಸುತ್ತದೆ. ನಾವೂ ಹೋಗಿ ಕೇಳಿದೆವು. ತಲೆನೋವು, ಓಕರಿಕೆ, ನಿದ್ದೆಗೇಡು ಕಂಡರೆ ಮೇಲೆ ಹೋಗಕೂಡದು. ನಡೆಯುವಾಗ ಕುಡಿದವನಂತೆ ತೂರಾಡಿದರೆ ಮಿದುಳಿಗೂ, ಸುಮ್ಮನೆ ಕುಳಿತಾಗಲೇ ಏದುಸಿರು ಬಂದರೆ ಶ್ವಾಸಕೋಶಕ್ಕೂ ನೀರು ತುಂಬುತ್ತಿರಬಹುದು. ಆಗ ಹಗಲೋ ಇರುಳೋ ನೋಡದೆ ಕೆಳಗಿಳಿಯುವುದೇ ಮದ್ದು ಎಂದು ವೈದ್ಯೆಯು ಸ್ಪಷ್ಟವಾಗಿ ಹೇಳಿದಳು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಪಾಠ ಕೇಳುವುದು ಮರೆತುಹೋಗುತ್ತದೆಯೇನೋ! ಇದೆಲ್ಲವೂ ಪಕ್ಕದ ಬೆಂಚಿನವರಿಗೆ ಹೇಳಿದುದೆಂಬಂತೆ ತಲೆದೂಗಿ ಎದ್ದುಬಂದೆವು. ಮನಾಂಗಿನಲ್ಲಿ ಎರಡು ರಾತ್ರಿ ನಿಲ್ಲಬೇಕೆಂದು ಮಾರ್ಗದರ್ಶಿಯ ಎಣಿಕೆ. ಅಳಿಯನಿಗೆ ಕಛೇರಿಯ ರಜವು ಕಡಿಮೆಯೆಂಬ ನೆವವೊಡ್ಡಿ, ಒಂದೇ ರಾತ್ರಿ ಸಾಕೆಂದೆವು. ರಜದ ಮಾತನ್ನು ಅವನು ಎತ್ತಿರಲೇ ಇಲ್ಲ.

ಮರುದಿನ ಸುಮಾರು 4,050 ಮೀಟರಿನ ಯಾಕ್ ಖರ್ಕಾದಲ್ಲಿ ತಂಗಿದಾಗ ಹಣೆಯ ಎರಡು ಕಡೆಯಲ್ಲಿಯೂ ಬಡಿತ ಆರಂಭವಾಯಿತು. ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಮಾರ್ಗದರ್ಶಿಯು "ಗುರುಜೀ, ತಲೆನೋವೇನಾದರೂ ಉಂಟೇ?" ಎಂದು ಹಿಂದಿಯಲ್ಲಿ ಕೇಳಿದ. "ಇಲ್ಲ" ಎಂದೆವು. ವಸತಿಯ ಮನೆಯಿಂದ ದೂರವಾಣಿಯಲ್ಲಿ ಮಾತಾಡುವಾಗ ನಮ್ಮ ಮನೆಯಾಕೆಯೂ ಅದನ್ನೇ ಕೇಳಿದಳು. ಅವಳಿಗೂ "ಇಲ್ಲ" ಎಂದೆವು. ಸಂಜೆಯ ಹೊತ್ತಿಗೆ ಘಾಟಿಯ ಬುಡದಲ್ಲಿರುವ ಥೊರಾಂಗ್ ಫೇದಿಯನ್ನು, ಸುಮಾರು 4,450 ಮೀಟರಿನ ಎತ್ತರವನ್ನು, ಹೇಗೋ ಮುಟ್ಟಿದೆವು. ದಾರಿಯಲ್ಲಿ ಎರಡು ಸಲ ಹಿಂದುಳಿದು ಬಂಡೆಯ ಮರೆಯಲ್ಲಿ ವಾಂತಿಮಾಡಿಕೊಂಡುದು ಯಾರಿಗೂ ತಿಳಿಯದಂತೆ ನೋಡಿಕೊಂಡೆವು.

ನಮ್ಮನ್ನು ಹಿಡಿದುಕೊಟ್ಟದ್ದು ಚಟ್ನಿಪುಡಿ. ಆ ದಾರಿಯುದ್ದಕ್ಕೂ ಊಟವೆಂದರೆ ಅನ್ನ, ಬೇಳೆ, ಒಂದು ಪಲ್ಯ. ಮನೆಯಿಂದ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿಯನ್ನು ತೆರೆಯದೆ ನಾವು ಒಂದು ತುತ್ತನ್ನೂ ಎತ್ತಿದವರಲ್ಲ. ಆ ಸಂಜೆ ಒಲೆಯ ಸುತ್ತ ಕುಳಿತಿರುವಾಗ ಅಳಿಯನು ನಮ್ಮ ತಟ್ಟೆಯನ್ನು ನೋಡಿ, "ಮಾವ, ಮೂರು ಊಟದಿಂದ ಡಬ್ಬಿ ತೆರೆದೇ ಇಲ್ಲವಲ್ಲ, ನಿಜ ಹೇಳಿ" ಎಂದ. ನಾವು ಏನೋ ಹೇಳಹೊರಟು, ನಾಲಗೆ ತಡವರಿಸಿ, ಸುಮ್ಮನಾದೆವು. ಮಾರ್ಗದರ್ಶಿಯು ಎದ್ದುಬಂದು, ನೆಲದ ಹಲಗೆಯ ಗೆರೆಯೊಂದನ್ನು ತೋರಿಸಿ, ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಯಿರಿ ಎಂದ. ಐದಾರು ಹೆಜ್ಜೆ ನೆಟ್ಟಗೆ ಬಂದವು. ಅವನ ಮುಖದ ಬಿಗಿ ಸಡಿಲವಾಯಿತು. ಆದರೂ ಅವನು ಚರ್ಚೆಗೆ ಎಡೆಗೊಡಲಿಲ್ಲ. "ಇನ್ನೂ ಬೆಳಕಿದೆ, ಇಳಿಯೋಣ" ಎಂದಷ್ಟೇ ಹೇಳಿ ನಮ್ಮ ಕೋಟನ್ನು ತಂದುಕೊಟ್ಟ.

ಆ ಇಳಿತವನ್ನು ನಾವು ಮರೆಯಲಾರೆವು. ಹತ್ತಿ ಬಂದ ದಾರಿಯನ್ನೇ ದೀಪ ಹಿಡಿದು ಇಳಿದೆವು. ಎದುರಿಗೆ ಬಂದವರು ಬದಿಗೆ ಸರಿದು ದಾರಿ ಬಿಟ್ಟಾಗ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಹೊರೆಯ ತರುಣನು ನಮ್ಮ ಚೀಲವನ್ನೂ ಸೇರಿಸಿ ಹೊತ್ತುಕೊಂಡು ಮುಂದೆ ಹೋಗುತ್ತಿದ್ದ. ಅವನು ತಗ್ಗಿನ ಬೆಟ್ಟಗಳ ಕಡೆಯವನು. ಈ ಎತ್ತರವು ಅವನಿಗೂ ಪರಸ್ಥಳವೇ. ತಾನು ಹಿಂದೊಂದು ಸಲ ಇದೇ ತಲೆನೋವನ್ನು ಮರೆಮಾಚಿದ್ದೆನೆಂದು ಅವನು ಆ ರಾತ್ರಿ ಹೇಳಿದ. ಹೇಳಿಕೊಂಡರೆ ಕೂಲಿ ತಪ್ಪುವುದೆಂಬ ಭಯ. ಅವನು ಹೊಟ್ಟೆಗಾಗಿ ಮರೆಮಾಚಿದ, ನಾವು ಜಂಭಕ್ಕಾಗಿ. ಇವೆರಡರಲ್ಲಿ ಕ್ಷಮೆಗೆ ಯಾವುದು ಅರ್ಹವೆಂಬುದನ್ನು ವಾಚಕರೇ ತೀರ್ಮಾನಿಸಬಹುದು. ಹಿಮಾಲಯಕ್ಕೆ ಹೋಗುವ ಗೃಹಸ್ಥರು ಆಳುಗಳನ್ನು ನೇಮಿಸಿಕೊಳ್ಳುವಾಗ, "ಕಾಯಿಲೆಯಾದರೆ ಹೇಳು, ಕೂಲಿ ಕಡಿಯುವುದಿಲ್ಲ" ಎಂದು ಮೊದಲ ದಿನವೇ ಮಾತುಕೊಡುವುದು ಧರ್ಮ.

ಯಾಕ್ ಖರ್ಕಾ ಸೇರುವಷ್ಟರಲ್ಲಿಯೇ ತಲೆಯ ಬಡಿತ ತಗ್ಗಿತು. ಮರುದಿನ ಮನಾಂಗಿಗೆ ಇಳಿದು ಅದೇ ವೈದ್ಯೆಯ ಮುಂದೆ ಕುಳಿತೆವು. ಅವಳು ಬೆರಳಿಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ ರಕ್ತದ ಪ್ರಾಣವಾಯುವನ್ನು ಅಳೆದು, "ತಲೆನೋವು ಪೂರ್ತಿ ಹೋಗುವವರೆಗೆ ಇಲ್ಲಿಯೇ ಇರಿ, ಆಮೇಲೆ ಮೆಲ್ಲನೆ ಹತ್ತಬಹುದು" ಎಂದಳು, ಬೈಯಲಿಲ್ಲ. ಬೈದವಳು ನಮ್ಮ ಮನೆಯಾಕೆ. ಆ ಸಂಜೆ ದೂರವಾಣಿಯಲ್ಲಿ ನಡೆದುದನ್ನೆಲ್ಲ ಒಪ್ಪಿಸಿದಾಗ ಅವಳು ಸ್ವಲ್ಪ ಹೊತ್ತು ಮಾತಾಡದಿದ್ದು, "ತಲೆನೋವೆಂದು ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ. ತಲೆನೋವಿಲ್ಲವೆಂದು ಸುಳ್ಳು ಹೇಳಿದವರನ್ನು ಎಲ್ಲಿ ನಿಲ್ಲಿಸುವುದು?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ದಾರಿಯನ್ನೂ ಬೆಟ್ಟವನ್ನೂ ಅವಸರವಿಲ್ಲದೆ ದಾಟಬೇಕೆಂಬ ಅರ್ಥದ ಸುಭಾಷಿತವೊಂದನ್ನು ವರ್ಷವರ್ಷವೂ ಹುಡುಗರಿಂದ ಬಾಯಿಪಾಠ ಮಾಡಿಸಿದವರು ನಾವು. ಬಾಯಿಗೆ ಬಂದ ಪಾಠವು ಕಾಲಿಗೆ ಬರಲು ನಮಗೆ ಇಷ್ಟು ವರ್ಷ ಹಿಡಿಯಿತು.

ಮನಾಂಗಿನಲ್ಲಿ ಮೂರು ರಾತ್ರಿ ಇದ್ದೆವು. ಅಳಿಯನು ಕಛೇರಿಗೆ ಬರೆದು ರಜವನ್ನು ಮುಂದುವರಿಸಿಕೊಂಡ. ಅಲ್ಲಿನವರು ನಮಗೆ 2014ರ ಅಕ್ಟೋಬರ್ 14ರ ಕಥೆಯನ್ನು ಹೇಳಿದರು. ವಿಶಾಖಪಟ್ಟಣದ ಕರಾವಳಿಗೆ 12ನೆಯ ತಾರೀಖು ಬಡಿದ ಹುದ್‌ಹುದ್ ಚಂಡಮಾರುತದ ಶೇಷವು ಎರಡು ದಿನದಲ್ಲಿ ಇಲ್ಲಿಗೆ ಬಂದು, ಹಿಮವಾಗಿ ಸುರಿಯಿತು. ಈ ಘಾಟಿಯಲ್ಲಿಯೂ ಸುತ್ತಣ ಪರ್ವತಗಳಲ್ಲಿಯೂ ಯಾತ್ರಿಕರು, ಮಾರ್ಗದರ್ಶಿಗಳು, ಹೊರೆಯಾಳುಗಳು, ದನಗಾಹಿಗಳು ಸೇರಿ 40ಕ್ಕೂ ಹೆಚ್ಚು ಮಂದಿ ಮಡಿದರು. ನಮ್ಮ ತೆಂಗುಗಳನ್ನು ಕೆಡವುವ ಬಂಗಾಳಕೊಲ್ಲಿಯ ಗಾಳಿಯು ಅಲ್ಲಿ ಹಿಮವಾಗಿ ಕೊಲ್ಲುವುದೆಂದು ಆ ಮೊದಲು ನಾವು ಯೋಚಿಸಿದ್ದಿಲ್ಲ. ಅಂದಿನಿಂದ ಹವಾಮಾನದ ವರ್ತಮಾನವನ್ನು ಕೇಳದೆ ನಮ್ಮ ಮಾರ್ಗದರ್ಶಿಯು ಫೇದಿಯಿಂದ ಮೇಲಕ್ಕೆ ಯಾರನ್ನೂ ಕರೆದೊಯ್ಯುವುದಿಲ್ಲವಂತೆ.

ಎರಡನೆಯ ಸಲ ಮಧ್ಯೆ ಒಂದು ತಂಗುದಾಣವನ್ನು ಹೆಚ್ಚಿಸಿಕೊಂಡು ಹತ್ತಿದೆವು. ದಿನವೂ ಬೆಳಿಗ್ಗೆ "ತಲೆ ಹೇಗಿದೆ?" ಎಂಬ ಪ್ರಶ್ನೆಗೆ ಸತ್ಯವಾದ ಉತ್ತರವನ್ನೇ ಕೊಟ್ಟೆವು. ಫೇದಿಯಲ್ಲಿ ಚಟ್ನಿಪುಡಿಯ ಡಬ್ಬಿ ತೆರೆಯಿತು. ಘಾಟಿಯ ಮೇಲೆ ಹೊತ್ತೇರಿದಂತೆಲ್ಲ ಗಾಳಿಯು ಪ್ರಬಲವಾಗುವುದರಿಂದ ಬೆಳಗಿನ ನಾಲ್ಕಕ್ಕೇ ಹೊರಡುವುದು ಪದ್ಧತಿ. ಸೀಸೆಯ ನೀರು ಹೆಪ್ಪುಗಟ್ಟುವ ಚಳಿ. ಹತ್ತು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಇದೇ ನೆತ್ತಿಯೆಂದು ಹತ್ತಿದ ದಿಬ್ಬದ ಹಿಂದೆ ಇನ್ನೊಂದು ದಿಬ್ಬ, ಅದರ ಹಿಂದೆ ಮತ್ತೊಂದು. ಕಡೆಗೆ ಬಣ್ಣಬಣ್ಣದ ಪ್ರಾರ್ಥನಾಪತಾಕೆಗಳ ದೊಡ್ಡ ಗುಪ್ಪೆಯೂ, ಅದರ ಬಳಿ ಚಹಾ ಮಾರುವ ಪುಟ್ಟ ಕಲ್ಲುಮನೆಯೂ ಕಂಡುವು. ಅಲ್ಲಿ ಕಾಲುಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಆಚೆಗೆ ಒಂದೇ ದಿನದಲ್ಲಿ 1,600 ಮೀಟರಿನ ಇಳಿತ. ಮಂಡಿಗಳ ನಿಜವಾದ ಪರೀಕ್ಷೆ ಅಲ್ಲಿ.

ಮಧ್ಯಾಹ್ನ ಕಳೆದು ಮುಕ್ತಿನಾಥವನ್ನು ಸೇರಿದೆವು. ವೈಷ್ಣವರಿಗೆ ಅದು ನೂರೆಂಟು ದಿವ್ಯದೇಶಗಳಲ್ಲೊಂದು. ಬೌದ್ಧರಿಗೆ ಅವಲೋಕಿತೇಶ್ವರನ ಸ್ಥಾನ. ಒಂದೇ ಮೂರ್ತಿಯ ಸೇವೆಯಲ್ಲಿ ಬೌದ್ಧ ಭಿಕ್ಷುಣಿಯರೂ ಭಾಗಿಗಳು. ಗುಡಿಯ ಹಿಂದೆ ನೂರೆಂಟು ಬಾಯಿಗಳಿಂದ ಹಿಮಶೀತಲವಾದ ಜಲವು ಬೀಳುತ್ತದೆ. ಸಮೀಪದ ಜ್ವಾಲಾಮಾಯಿಯ ಗುಡಿಯಲ್ಲಿ ಭೂಮಿಯಿಂದ ಹೊರಡುವ ಅನಿಲವು ಸಣ್ಣ ನೀಲಿಯ ಉರಿಯಾಗಿ ಉರಿಯುವುದು. ಕೆಳಗೆ ಕಾಳೀಗಂಡಕಿಯ ಅಗಲವಾದ ಪಾತ್ರದಲ್ಲಿ ಸಾಲಿಗ್ರಾಮಗಳು. ಅವುಗಳೊಳಗಿನ ಚಕ್ರವು ಅಮೊನೈಟ್ ಎಂಬ ಕಡಲಜೀವಿಯ ಸುರುಳಿಚಿಪ್ಪಿನ ಗುರುತೆಂದೂ, ಹಿಮಾಲಯವೇಳುವ ಮುನ್ನ ಅಲ್ಲಿ ಸಮುದ್ರವಿತ್ತೆಂದೂ ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಕಡಲತಳವು ಆ ಎತ್ತರಕ್ಕೇರಲು ಕೋಟ್ಯಂತರ ವರ್ಷಗಳು ಹಿಡಿದುವು. ಅದೇ ಎತ್ತರವನ್ನು ನಾವು ಒಂದು ವಿರಾಮದ ದಿನವನ್ನು ಉಳಿಸಿ ಏರಹೊರಟಿದ್ದೆವು! ನದಿಯಿಂದ ಕಲ್ಲನ್ನೇನೂ ತರಲಿಲ್ಲ. ಮನೆಯಲ್ಲಿರುವುದೊಂದೇ ನಮಗೆ ಸಾಕು.

ಇನ್ನು, ಹೊರಡುವವರಿಗೆ ನಮ್ಮ ಬಿನ್ನಹ ಇಷ್ಟೇ. ನಡೆದೇ ಹೋಗಬೇಕೆಂದಿಲ್ಲ, ಆದರೆ ವಾಹನದಲ್ಲಿ ಹೋಗುವವರಿಗೆ ಅಪಾಯವಿಲ್ಲವೆಂದೂ ತಿಳಿಯಬೇಡಿ. ಪೋಖರಾದಿಂದ ಒಂದೇ ದಿನದಲ್ಲಿ ಮುಕ್ತಿನಾಥಕ್ಕೆ ಜೀಪಿನಲ್ಲಿ ಏರುವವರೂ, ಸುಮಾರು 3,580 ಮೀಟರಿನ ಕೇದಾರಕ್ಕೆ ಹೆಲಿಕಾಪ್ಟರಿನಲ್ಲಿ ಒಂದೇ ನೆಗೆತಕ್ಕೆ ಹೋಗುವವರೂ ದೇಹಕ್ಕೆ ಹೊಂದಿಕೊಳ್ಳುವ ಅವಕಾಶವನ್ನೇ ಕೊಡುವುದಿಲ್ಲ. ನಡುವೆ ಒಂದೆರಡು ರಾತ್ರಿ ತಂಗಿ ಹೋಗಿರಿ. ಹೃದಯ, ಶ್ವಾಸಕೋಶಗಳ ತೊಂದರೆಯಿರುವವರು ವೈದ್ಯರನ್ನು ಮೊದಲೇ ಕಾಣಿರಿ. ಎತ್ತರದ ರೋಗಕ್ಕೆಂದು ಮಾತ್ರೆಗಳಿದ್ದರೂ ಅವನ್ನು ಅವರ ಸಲಹೆಯಿಲ್ಲದೆ ನುಂಗಬೇಡಿ. ದೇಹವು ಗಟ್ಟಿಯಾಗಿದೆಯೆಂಬ ಧೈರ್ಯವೂ ಬೇಡ. ವ್ಯಾಯಾಮಪಟುವಾದ ತರುಣನನ್ನೂ ಈ ರೋಗ ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರೊಡನೆ ಹೋಗುವ ಮಕ್ಕಳು, ಸೊಸೆಯರು, ಅಳಿಯಂದಿರು ಅವರ ಮಾತನ್ನು ಮಾತ್ರ ನಂಬದೆ ತಟ್ಟೆಯನ್ನೂ ನೋಡಿರಿ. ಹಿರಿಯರಿಗೆ ಹೇಳುವುದೇನೆಂದರೆ: ತಲೆ ನೋಯುವುದಾದರೆ ನೋಯುವುದೆಂದು ಹೇಳಿಬಿಡಿ. ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯಾಕೆ ಹಿಂದೆ ನಿಂತು ಓದಿ, "ಬೆಂಚಿನ ಮೇಲೆ ನೀವೇ ಹತ್ತಿದಿರಿ, ಇನ್ನು ಇಳಿಯಬಹುದು" ಎಂದು ನಕ್ಕು ಒಳಗೆ ಹೋದಳು.